ತಾಟು ಬಂದ ಮೇಲೆ ಸೂಜಿ

ಸಕ್ಕರೆ ಕಾಯಿಲೆಯವರು ಮನೆ ಮಾಡಬಾರದ ಊರುಗಳು ಅಂತ ಯಾರಾದರೂ ಪಟ್ಟಿ ಹಾಕಿದರೆ ನಮ್ಮ ಬಾರಾಮತಿ ಮೊದಲ ಸಾಲಿನಲ್ಲೇ ಕೂರುತ್ತದೆ. ತಾಲೂಕಿನ ಒಂದು ಕಡೆ ಮಾಳೇಗಾಂವ ಸಹಕಾರಿ ಸಕ್ಕರೆ ಕಾರ್ಖಾನೆ, ಇನ್ನೊಂದು ಕಡೆ ಸೋಮೇಶ್ವರ. 1880ರ ದಶಕದಲ್ಲಿ ನೀರಾ ಎಡದಂಡೆ ಕಾಲುವೆ ಈ ಬರದ ಸೀಮೆಗೆ ನೀರು ತಂದ ಮೇಲೆ ಜೋಳದ ಹೊಲಗಳು ಒಂದೊಂದಾಗಿ ಕಬ್ಬಿಗೆ ತಿರುಗಿದವು. ಕಬ್ಬು ನುರಿಸುವ ಹಂಗಾಮು ಶುರುವಾದರೆ ರಸ್ತೆಯ ತುಂಬ ಟ್ರ್ಯಾಕ್ಟರು, ಎತ್ತಿನ ಗಾಡಿ. ಗಾಳಿ ತಿರುಗಿದ ದಿನ ಕಾಕಂಬಿಯ ವಾಸನೆ ಮನೆಯೊಳಗೇ ಬರುತ್ತದೆ. ಇದು ಸಾಲದು ಅಂತ ಇಲ್ಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಇಟಲಿಯ ಫೆರೇರೋ ಕಂಪನಿಯವರು ಮಕ್ಕಳ ಚಾಕಲೇಟು ಮಾಡುತ್ತಾರೆ. ಬಸ್ ಸ್ಟ್ಯಾಂಡಿನ ಕಡೆ ಹೋದರೆ ಗೆಜ್ಜೆ ಕಟ್ಟಿದ ಗಾಣದ ರಸವಂತಿ ಅಂಗಡಿಗಳು. ಚಹಾ ಅಂತೂ ಕೇಳಲೇಬೇಡಿ. ‘ಬಿನ್‌ಸಾಖರ್’, ಸಕ್ಕರೆ ಬೇಡ, ಅಂದರೆ ಅಂಗಡಿಯವನು ನನ್ನ ಮುಖವನ್ನು ಮರುಕದಿಂದ ನೋಡಿ, ಮನಸ್ಸು ತಡೆಯದೆ ಅರ್ಧ ಚಮಚೆ ಹಾಕಿಯೇ ಕೊಡುತ್ತಾನೆ.

ನಾನೇನು ಬೆಲ್ಲ ಕಾಣದ ಊರಿನಿಂದ ಬಂದವನಲ್ಲ. ಹುಟ್ಟಿದ್ದು ಮುಧೋಳ ತಾಲೂಕಿನಲ್ಲಿ, ಸಮೀರವಾಡಿ ಕಾರ್ಖಾನೆಯ ಭೋಂಗಾ ಕೇಳಿಸುವಷ್ಟು ಹತ್ತಿರ. ಮೂರು ಗಾಲಿಯ ಗಾಡಿ ತಯಾರಿಸುವ ಕೆಲಸ ಹಿಡಿದು ಇಲ್ಲಿಗೆ ಬಂದೆ. ಕಬ್ಬಿನ ಸೀಮೆಯಿಂದ ಕಬ್ಬಿನ ಸೀಮೆಗೇ ವರ್ಗ. ನಿವೃತ್ತನಾದ ಮೇಲೂ ಇಲ್ಲೇ ಉಳಿದೆ. ಮನೆಯಲ್ಲಿ ಕನ್ನಡ, ಬಾಗಿಲ ಹೊರಗೆ ಮರಾಠಿ, ತಾಟಿನಲ್ಲಿ ಎರಡೂ: ಎಣ್ಣೆಗಾಯಿ ಪಕ್ಕ ಪಿಠ್ಲ, ಶೇಂಗಾ ಹಿಂಡಿಯ ಪಕ್ಕ ಠೇಚಾ. ಎರಡು ರಾಜ್ಯಗಳು ಗಡಿಯ ಬಗ್ಗೆ ಎಷ್ಟು ಜಗಳವಾಡಿದರೂ ಜೋಳದ ರೊಟ್ಟಿಯ ವಿಷಯದಲ್ಲಿ ಒಂದೇ ಮನೆ.

ಮಾತ್ರೆಗಳ ಕಾಲ ಮುಗಿದು ಇನ್ಸುಲಿನ್ನಿಗೆ ಬಂದಾಗ ಮೊದಲು ಸಿಕ್ಕಿದ್ದು ಹಳೆಯ ‘ರೆಗ್ಯುಲರ್’. ಅದನ್ನು ಊಟಕ್ಕೆ ಅರ್ಧ ತಾಸು ಮುಂಚೆ ಚುಚ್ಚಿಕೊಳ್ಳಬೇಕು. ಅದು ಕೆಲಸ ಶುರು ಮಾಡಲಿಕ್ಕೇ ಅಷ್ಟು ಹೊತ್ತು. ಜೋರು ಹಿಡಿಯುವುದು ಎರಡರಿಂದ ನಾಲ್ಕು ತಾಸಿಗೆ. ಪೂರ್ತಿ ಇಳಿಯಲು ಆರೆಂಟು ತಾಸು. ಎಂದರೆ ಊಟ ಮುಗಿಸಿ ಕೈ ತೊಳೆದು, ಪೇಪರ್ ಓದಿ, ಒಂದು ನಿದ್ದೆ ತೆಗೆದು ಎದ್ದರೂ ಅದು ಇನ್ನೂ ರಕ್ತದಲ್ಲಿ ಸಕ್ಕರೆ ಹುಡುಕುತ್ತಿರುತ್ತದೆ. ಆದ್ದರಿಂದ ಹನ್ನೊಂದಕ್ಕೆ ಏನಾದರೂ ತಿನ್ನು, ನಾಲ್ಕಕ್ಕೆ ಏನಾದರೂ ತಿನ್ನು ಅನ್ನುವ ಪಥ್ಯ. ಹಸಿವಾಗಿ ತಿಂದದ್ದಕ್ಕಿಂತ ಔಷಧಕ್ಕೆ ಹಸಿವಾಗಿದೆ ಅಂತ ತಿಂದದ್ದೇ ಜಾಸ್ತಿ. ನನ್ನ ಹೆಂಡತಿ ಗೋಡೆಯ ಗಡಿಯಾರ ನೋಡಿ ಒಲೆ ಹಚ್ಚುವುದನ್ನು ಕಲಿತಳು. ಹನ್ನೆರಡೂವರೆಗೆ ಸೂಜಿ, ಒಂದಕ್ಕೆ ರೊಟ್ಟಿ. ನಡುವೆ ಗ್ಯಾಸ್ ತೀರಿದರೆ ಮನೆಯಲ್ಲಿ ತುರ್ತುಪರಿಸ್ಥಿತಿ.

ಹೋದ ವರ್ಷ ಡಾಕ್ಟರ್ ಮೇಡಂ ಈ ಇನ್ಸುಲಿನ್ನನ್ನೇ ಬದಲಿಸಿದರು. “ಕಾಕಾ, ಆತಾ ಅರ್ಧಾ ತಾಸ್ ಥಾಂಬಾಯ್ಚಂ ನಾಹಿ” ಅಂದರು. ಇನ್ನು ಅರ್ಧ ತಾಸು ಕಾಯುವ ಕೆಲಸವಿಲ್ಲ. ತಾಟು ಮುಂದೆ ಬಂದ ಮೇಲೆ ಚುಚ್ಚಿಕೊಂಡರೆ ಸಾಕು, ಊಟ ಶುರುವಾಗಿ ಇಪ್ಪತ್ತು ನಿಮಿಷದೊಳಗೆ ತೆಗೆದುಕೊಂಡರೂ ನಡೆಯುತ್ತದೆ. ರಾತ್ರಿಯದು ಬೇರೆ, ದಿನವಿಡೀ ನಿಧಾನಕ್ಕೆ ಕೆಲಸ ಮಾಡುವ ಇನ್ಸುಲಿನ್. ಅದರಲ್ಲಿ ಬದಲಾವಣೆ ಇಲ್ಲ. ಮನೆಗೆ ಬಂದು ಹೇಳಿದೆ. ಹೆಂಡತಿ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು. “ಹಂಗಾರ ಇನ್ನ ಮ್ಯಾಲೆ ಗಡಿಯಾರ ನೋಡೂದು ಬ್ಯಾಡೇನ್ರೀ?” ಬ್ಯಾಡ ಅಂದೆ. ಆ ಕ್ಷಣಕ್ಕೆ ಇಬ್ಬರಿಗೂ ಬಿಡುಗಡೆಯೇ ಸಿಕ್ಕಂತಾಯಿತು.

ಈ ಅವಸರದ ಇನ್ಸುಲಿನ್ನಿನ ಒಳಗುಟ್ಟು ತಿಳಿದುಕೊಂಡದ್ದು ಆಮೇಲೆ. ಕಾರ್ಖಾನೆಯಲ್ಲಿ ಇದ್ದವನಿಗೆ ಯಂತ್ರದ ಹೊಟ್ಟೆ ಬಿಚ್ಚಿ ನೋಡದಿದ್ದರೆ ಸಮಾಧಾನವಿಲ್ಲ. ಶೀಶೆಯೊಳಗೆ ಇನ್ಸುಲಿನ್ ಕಣಗಳು ಒಂಟಿಯಾಗಿ ಇರುವುದಿಲ್ಲ. ಸತುವಿನ ಅಣುಗಳ ಸುತ್ತ ಆರಾರು ಸೇರಿ ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಕಬ್ಬಿನ ಹೊರೆ ಇದ್ದ ಹಾಗೆ: ಕಟ್ಟು ಬಿಚ್ಚದೆ ಗಾಣಕ್ಕೆ ಕೊಡಲಾಗದು. ಚರ್ಮದ ಕೆಳಗೆ ಹೋದ ಇನ್ಸುಲಿನ್ನೂ ಆರರ ಕಟ್ಟು ಬಿಚ್ಚಿ ಒಂಟಿಯಾದ ಮೇಲೆ ತಾನೇ ಸಲೀಸಾಗಿ ರಕ್ತಕ್ಕೆ ಸೇರುವುದು? ಹಳೆಯದಕ್ಕೆ ಆ ಅರ್ಧ ತಾಸು ಬೇಕಾಗುತ್ತಿದ್ದದ್ದು ಈ ಬಿಚ್ಚುವ ಕೆಲಸಕ್ಕೆ. 1996ರಲ್ಲಿ ಬಂದ ಲಿಸ್ಪ್ರೋ ಅನ್ನುವ ಇನ್ಸುಲಿನ್ನಿನಲ್ಲಿ ಸರಪಳಿಯ ತುದಿಯ ಕಡೆ ಅಕ್ಕಪಕ್ಕ ಇದ್ದ ಎರಡು ಅಮೈನೋ ಆಮ್ಲಗಳ ಜಾಗ ಅದಲುಬದಲು ಮಾಡಿದರು, ಅಷ್ಟೇ. ಕಟ್ಟು ಸಡಿಲವಾಯಿತು. ಅಸ್ಪಾರ್ಟ್ ಅನ್ನುವ ಇನ್ನೊಂದು ಇನ್ಸುಲಿನ್ನಿನಲ್ಲಿ ಒಂದು ಅಮೈನೋ ಆಮ್ಲವನ್ನು ತೆಗೆದು ಬೇರೊಂದನ್ನು ಕೂರಿಸಿದರು. ನನಗೆ ಬರೆದುಕೊಟ್ಟದ್ದು ಅದಕ್ಕೂ ಒಂದು ಹೆಜ್ಜೆ ಮುಂದಿನದು. 2017ರಲ್ಲಿ ಯುರೋಪು, ಅಮೆರಿಕಗಳಲ್ಲಿ ಮಂಜೂರಾದದ್ದು. ಅಸ್ಪಾರ್ಟ್ ಜೊತೆಗೆ ನಿಯಾಸಿನಮೈಡ್, ಅಂದರೆ ಬಿ3 ಜೀವಸತ್ವವನ್ನು ಸೇರಿಸಿದ್ದಾರೆ. ಅದರಿಂದ ಮೊದಲ ಹಂತದ ಹೀರಿಕೆ ಇನ್ನಷ್ಟು ಬೇಗ.

ಈ ಕತೆಯಲ್ಲಿ ನನಗೆ ತಮಾಷೆ ಅನ್ನಿಸುವುದು ಒಂದಿದೆ. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಲೆನಾರ್ಡ್ ಥಾಮ್ಸನ್ ಅನ್ನುವ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಟ್ಟರು. ಅದಕ್ಕೂ ಮುಂಚೆ ಇಂಥ ಮಕ್ಕಳಿಗೆ ಇದ್ದ ಚಿಕಿತ್ಸೆ ಉಪವಾಸ. ಹಸಿವಿನಿಂದ ಒಣಗಿಸಿ ಸಾವನ್ನು ಕೆಲವು ತಿಂಗಳು ಮುಂದೂಡುವುದು. ಕಂಡುಹಿಡಿದವರು ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ತಲೆಗೊಂದು ಡಾಲರಿಗೆ ಬರೆದುಕೊಟ್ಟರು. ಆಮೇಲೆ ದಶಕಗಳ ಕಾಲ ವಿಜ್ಞಾನಿಗಳ ಚಿಂತೆಯೆಲ್ಲ ಇನ್ಸುಲಿನ್ನನ್ನು ನಿಧಾನ ಮಾಡುವುದು ಹೇಗೆ ಅಂತ. ದಿನಕ್ಕೆ ನಾಲ್ಕಾರು ಸಲ ಚುಚ್ಚುವುದು ತಪ್ಪಲಿ ಅಂತ 1936ರಲ್ಲಿ ಪ್ರೋಟಮಿನ್ ಸೇರಿಸಿದರು, 1946ರಲ್ಲಿ ಎನ್‌ಪಿಎಚ್ ಅನ್ನುವ ನಿಧಾನದ ಇನ್ಸುಲಿನ್ ಬಂತು. ನಿಧಾನ ಮಾಡಿ ಮಾಡಿ ಸಾಕಾದ ಮೇಲೆ ಗೊತ್ತಾಯಿತು, ಊಟದ ಹೊತ್ತಿಗೆ ಬೇಕಾದದ್ದು ಅವಸರ ಎಂದು. ಆರೋಗ್ಯವಂತರ ಮೇದೋಜೀರಕ ಗ್ರಂಥಿಯಂತೂ ತುತ್ತು ಬಾಯಿಗೆ ಬರುತ್ತಲೇ ಕೆಲಸಕ್ಕೆ ತೊಡಗುತ್ತದೆ. ಅದರ ಇನ್ಸುಲಿನ್ ಸೀದಾ ಯಕೃತ್ತಿಗೆ ಹೋಗುತ್ತದೆ. ನಮ್ಮದು ಹೊಟ್ಟೆಯ ಕೊಬ್ಬಿನಿಂದ ಸುತ್ತುಬಳಸಿ ಬರಬೇಕು. ಎಷ್ಟೇ ಅವಸರದ ಇನ್ಸುಲಿನ್ ಇರಲಿ, ಹುಟ್ಟಿನಿಂದ ಬಂದದ್ದರ ಮುಂದೆ ಅದು ತಡವೇ.

ಇನ್ಸುಲಿನ್ನಿನ ಈ ಕಟ್ಟು ಹೇಗಿದೆ ಅಂತ ಕ್ಷಕಿರಣ ಹಾಯಿಸಿ ಮೊದಲು ತೋರಿಸಿದ್ದು ಆಕ್ಸ್‌ಫರ್ಡಿನ ಡೊರೊಥಿ ಹಾಜ್ಕಿನ್ ಅವರ ತಂಡ, 1969ರಲ್ಲಿ. ಆ ತಂಡದಲ್ಲಿ ಎಂ. ವಿಜಯನ್ ಇದ್ದರು, ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ ಬಂದು ಕಡೆಯವರೆಗೂ ನಮ್ಮ ನಾಡಿನಲ್ಲೇ ಕೆಲಸ ಮಾಡಿದರು. ಹಂದಿ, ದನಗಳ ಗ್ರಂಥಿಯಿಂದ ಇನ್ಸುಲಿನ್ ತೆಗೆಯುವ ಕಾಲ ಹೋಗಿ, ಯೀಸ್ಟಿನಲ್ಲಿ ಬೆಳೆಸುವ ಕಾಲ ಬಂದಾಗ 2004ರಲ್ಲಿ ಬೆಂಗಳೂರಿನ ಬಯೋಕಾನ್ ತನ್ನದೇ ಮಾನವ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ಇಂದು ಅಸ್ಪಾರ್ಟನ್ನೂ ಮಾಡುತ್ತದೆ. ಇದನ್ನೆಲ್ಲ ಪಕ್ಕದ ಮನೆಯ ಗುರುಜಿಗೆ ಹೇಳಿ ಸ್ವಲ್ಪ ಎದೆ ಉಬ್ಬಿಸಿದೆ. ಅವರು ಮರಾಠಿಗರು, ಬಿಡುತ್ತಾರೆಯೇ? ದೇಶದ ಒಳಗೇ ಇದನ್ನು ಮೊದಲು ಮಾಡಿದ್ದು ಮಹಾರಾಷ್ಟ್ರದ ವೊಕ್‌ಹಾರ್ಟ್, 2003ರಲ್ಲೇ, ಅಂದರು. ಗಡಿ ವಿವಾದ ಇಲ್ಲೂ ತಪ್ಪಲಿಲ್ಲ.

ಬಿಡುಗಡೆ ಅಂದೆನಲ್ಲ, ಅದರ ಬೆಲೆ ತಿಳಿದದ್ದು ಅಡುಗೆಮನೆಯಲ್ಲಿ. ಹಳೆಯ ಇನ್ಸುಲಿನ್ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಊಟ ಯಾವಾಗ? ಹೊಸದು ಕೇಳುವುದು: ಊಟ ಎಷ್ಟು? ಯುನಿಟ್ ಎಷ್ಟೆಂಬುದು ತಾಟಿನಲ್ಲಿರುವ ಪಿಷ್ಟದ ಲೆಕ್ಕದ ಮೇಲೆ. ಡಾಕ್ಟರು ಒಂದು ಅಳತೆ ಹಾಕಿಕೊಟ್ಟರು, ರೊಟ್ಟಿಗಿಷ್ಟು, ಅನ್ನಕ್ಕಿಷ್ಟು. ಈಗ ಉತ್ತರ ಕರ್ನಾಟಕದ ಮನೆಯಲ್ಲಿ ಊಟಕ್ಕೆ ಕೂತವರನ್ನು ‘ಎಷ್ಟು ರೊಟ್ಟಿ ತಿಂತೀರಿ?’ ಅಂತ ಕೇಳುವುದಕ್ಕಿಂತ ದೊಡ್ಡ ಅವಮಾನ ಬೇರೆ ಉಂಟೆ? ಹೆಂಚಿನ ಮೇಲಿಂದ ಒಂದೊಂದಾಗಿ ಬಿಸಿ ರೊಟ್ಟಿ ಬಂದು ಬೀಳಬೇಕು, ಉಣ್ಣುವವನು ಸಾಕು ಅನ್ನಬೇಕು, ಬಡಿಸುವವರು ಕೇಳಿಸದವರ ಹಾಗೆ ಇನ್ನೊಂದು ಹಾಕಬೇಕು. ಲೆಕ್ಕವಿಲ್ಲದೆ ಉಣ್ಣುವುದೇ ಮರ್ಯಾದೆ. ಅಂಥದ್ದರಲ್ಲಿ ದಿನಾ ನನ್ನ ಹೆಂಡತಿ ಲಟ್ಟಣಿಗೆ ಹಿಡಿದವಳೇ ಅಡುಗೆಮನೆಯಿಂದ ಕೂಗಿ ಕೇಳಬೇಕು: “ಎರಡೋ ಮೂರೋ, ಮೊದ್ಲ ಹೇಳ್ರಿ!” ಒಂದು ದಿನ ಬೇಸತ್ತು ಅಂದಳು, “ಔಷಧ ನಿಮಗ ಬದಲಾಗಿಲ್ಲರಿ, ನನಗ ಬದಲಾಗೈತಿ.”

ರೊಟ್ಟಿಗಳೂ ಒಂದೇ ಸಮ ಇಲ್ಲ. ನಮ್ಮ ಕಡೆಯ ಕಟಕ ರೊಟ್ಟಿ ಹಪ್ಪಳದಷ್ಟು ತೆಳು. ಇಲ್ಲಿಯ ಭಾಕರಿ ದಪ್ಪ. ಎಣಿಕೆಯಲ್ಲಿ ಎರಡಕ್ಕೂ ಒಂದೇ ಅಂಕಿ ಬಿದ್ದರೆ ಗ್ಲೂಕೋಮೀಟರ್ ಒಪ್ಪುವುದಿಲ್ಲ. ಅದಕ್ಕೆ ಈಗ ಎಣಿಸುವುದು ರೊಟ್ಟಿಯನ್ನಲ್ಲ, ಹಿಟ್ಟಿನ ಉಂಡೆಯನ್ನು. ಒಂದು ಅಳತೆಯ ವಾಟಿ ಇಟ್ಟುಕೊಂಡಿದ್ದೇವೆ. ಬಂದವರು ಅದನ್ನು ನೋಡಿ, ಪಾಪ, ಈ ಮನೆಯಲ್ಲಿ ಅಳೆದು ಬಡಿಸುತ್ತಾರೆ ಅಂದುಕೊಂಡರೆ ಅಂದುಕೊಳ್ಳಲಿ.

ಇನ್ನೊಂದು ಪಾಠ ಜೋಳವೇ ಕಲಿಸಿತು. ಅವಸರದ ಇನ್ಸುಲಿನ್ನಿಗೆ ಅನ್ನ ಒಳ್ಳೆಯ ಜೋಡಿ. ಅನ್ನವೂ ಬೇಗ ಕರಗುತ್ತದೆ, ಅದೂ ಬೇಗ ಏರುತ್ತದೆ. ಆದರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಮೊಸರು ಇರುವ ಊಟ ನಿಧಾನದ್ದು. ನಾರು, ಎಣ್ಣೆ ಎರಡೂ ಸೇರಿ ಹೊಟ್ಟೆ ಖಾಲಿಯಾಗುವುದನ್ನು ತಡಮಾಡುತ್ತವೆ. ಇನ್ಸುಲಿನ್ ಮೊದಲೇ ಹೋಗಿ ಬಾಗಿಲಲ್ಲಿ ನಿಂತಿರುತ್ತದೆ, ಸಕ್ಕರೆ ಇನ್ನೂ ಬಂದಿರುವುದಿಲ್ಲ. ತಾಸಿನೊಳಗೆ ಬೆವರು, ಕೈ ನಡುಕ; ಮೂರ್ನಾಲ್ಕು ತಾಸಿಗೆ ನೋಡಿದರೆ ಅಂಕಿ ಮೇಲೆ. ಡೈರಿಯಲ್ಲಿ ಬರೆದದ್ದನ್ನು ಮೇಡಂಗೆ ತೋರಿಸಿದೆ. ರೊಟ್ಟಿ ಊಟದ ದಿನ ಅರ್ಧ ಉಂಡ ಮೇಲೆ ಚುಚ್ಚಿಕೊಳ್ಳಿ ಅಂದರು. ಇದು ನನ್ನ ಹೊಟ್ಟೆಗೆ, ನನ್ನ ಇನ್ಸುಲಿನ್ನಿಗೆ ಅವರು ಹೇಳಿದ ಮಾತು; ಎಲ್ಲ ಅವಸರದ ಇನ್ಸುಲಿನ್ನುಗಳಿಗೂ ಇದು ಹೊಂದುವುದಿಲ್ಲ, ನಿಮ್ಮದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ಊಟದ ನಡುವೆ ಎಡಗೈಯಲ್ಲಿ ಅಂಗಿ ಎತ್ತಿ ಹೊಟ್ಟೆಗೆ ಚುಚ್ಚಿಕೊಳ್ಳುವುದು ನೋಡಲಿಕ್ಕೆ ಚೆಂದವಲ್ಲ, ಆದರೆ ಅಂಕಿಗಳು ನೆಟ್ಟಗಾದವು.

ಏಕಾದಶಿಯದು ತದ್ವಿರುದ್ಧ. ಆಷಾಢದ ಹಾದಿಯಲ್ಲಿ ದೇಹೂವಿನಿಂದ ಹೊರಟ ತುಕಾರಾಮ ಮಹಾರಾಜರ ಪಾಲಖಿ ಬಾರಾಮತಿಯಲ್ಲಿ ಒಂದು ರಾತ್ರಿ ತಂಗುತ್ತದೆ. ಊರಿಗೆ ಊರೇ ವಾರಕರಿಗಳಿಗೆ ಉಣಬಡಿಸುತ್ತದೆ. ಅದಾದ ಕೆಲವು ದಿನಕ್ಕೆ ಏಕಾದಶಿ. ಆಗ ಮನೆಮನೆಯಲ್ಲಿ ಸಾಬೂದಾಣಿ ಖಿಚಡಿ. ‘ಏಕಾದಶಿ, ದುಪ್ಪಟ್ ಖಾಶಿ’ ಅಂತ ಮರಾಠಿಗರೇ ತಮ್ಮನ್ನು ಗೇಲಿ ಮಾಡಿಕೊಳ್ಳುತ್ತಾರೆ: ಉಪವಾಸದ ದಿನ ದುಪ್ಪಟ್ಟು ತಿನ್ನುವುದು. ಸಾಬೂದಾಣಿ ಅಂದರೆ ಹೆಚ್ಚುಕಡಿಮೆ ಬರೀ ಪಿಷ್ಟ. ಜೊತೆಗೆ ಬಟಾಟೆ. ಪಕ್ಕದ ಮನೆಯ ವಹಿನಿ ಡಬ್ಬಿ ತುಂಬ ಕಳಿಸಿ, “ಉಪವಾಸಾಚಂ ಆಹೇ, ಕಾಕಾ, ಕಾಹೀ ಹೋತ್ ನಾಹಿ” ಅನ್ನುತ್ತಾರೆ. ಉಪವಾಸದ್ದು, ಏನೂ ಆಗುವುದಿಲ್ಲವಂತೆ. ಇದೇ ಜಾತಿಯ ಇನ್ನೊಂದು ನಂಬಿಕೆ ನಮ್ಮ ಕಡೆ ಇದೆ: ಸಕ್ಕರೆ ಬ್ಯಾಡ, ಬೆಲ್ಲ ನಡೀತೈತಿ. ಬೆಲ್ಲದ ಅಡ್ಡೆಗಳ ನಡುವೆ ಬೆಳೆದವನಾಗಿ ಹೇಳುತ್ತೇನೆ, ನಡೆಯುವುದಿಲ್ಲ. ಎರಡೂ ಒಂದೇ ಕಬ್ಬಿನ ಮಕ್ಕಳು, ರಕ್ತಕ್ಕೆ ಭೇದ ತಿಳಿಯದು.

ನಿಜವಾದ ಪರೀಕ್ಷೆ ಪಂಕ್ತಿಯಲ್ಲಿ. ಮದುವೆಗೋ ವಾಸ್ತುಶಾಂತಿಗೋ ಹೋದರೆ ತಾಟು ಬಂದದ್ದಕ್ಕೂ ಊಟ ಶುರುವಾಗುವುದಕ್ಕೂ ಸಂಬಂಧವಿಲ್ಲ. ಉಪ್ಪು, ಚಟ್ನಿ, ಕೋಸಂಬರಿ ಬರುತ್ತವೆ. ಮಧ್ಯೆ ಒಂದು ಸಾಲಿಗೆ ಅನ್ನ ಸಾಲದೆ ಹುಡುಗರು ಓಡುತ್ತಾರೆ. ಎಲ್ಲರಿಗೂ ಬಡಿಸಿ ಆದ ಮೇಲೆ ಶ್ಲೋಕ. ಶ್ಲೋಕ ಹೇಳುವ ಅಜ್ಜ ಅಂದು ಉತ್ಸಾಹದಲ್ಲಿದ್ದರೆ ಮತ್ತೊಂದು. ತಾಟು ಕಂಡ ಕೂಡಲೆ ಚುಚ್ಚಿಕೊಂಡವನ ಗತಿ ಆಗ ಏನು? ಹಳೆಯದಕ್ಕಾದರೆ ಅರ್ಧ ತಾಸಿನ ಅವಕಾಶ ಇತ್ತು. ಇದು ಆಗಲೇ ಕೆಲಸಕ್ಕೆ ಇಳಿದಿರುತ್ತದೆ. ಇಂಥಲ್ಲಿ ನನ್ನ ನಿಯಮ ಒಂದೇ: ಮೊದಲ ತುತ್ತು ಬಾಯಿಗೆ ಹೋಗುವವರೆಗೆ ಇನ್ಸುಲಿನ್ ಪೆನ್ನು ಜೇಬಿನಿಂದ ಹೊರಗೆ ಬರುವುದಿಲ್ಲ. ಸಿಹಿಯ ತಟ್ಟೆ ಎರಡನೇ ಸುತ್ತು ಬಂದಾಗ ಹೊಸದಾಗಿ ಇನ್ನೊಂದು ಚುಚ್ಚಿಕೊಂಡು ಹೋಳಿಗೆ ತಿನ್ನುವ ಆಸೆಯೂ ಹುಟ್ಟುತ್ತದೆ, ಸುಳ್ಳು ಹೇಳಲಾರೆ. ಆದರೆ ಇದರ ಪ್ರಭಾವ ಮೂರರಿಂದ ಐದು ತಾಸು. ಮೊದಲಿನದು ಇಳಿಯುವ ಮುಂಚೆ ಇನ್ನೊಂದು ಹೇರಿದರೆ ಎರಡೂ ಸೇರಿ ಮಧ್ಯಾಹ್ನ ನಾಲ್ಕಕ್ಕೆ ಲೆಕ್ಕ ಕೇಳುತ್ತವೆ.

ಆ ಲೆಕ್ಕ ತೀರಿಸಲು ಜೇಬಿನಲ್ಲಿ ಸಕ್ಕರೆ ಪುಡಿಕೆ ಇದ್ದೇ ಇರುತ್ತದೆ. ಸಕ್ಕರೆಯನ್ನು ಬಿಟ್ಟವನೇ ಸಕ್ಕರೆ ಹೊತ್ತು ತಿರುಗುವುದನ್ನು ಕಂಡು ಮಗಳು ನಗುತ್ತಾಳೆ. ಅಂಕಿ 70ಕ್ಕಿಂತ ಕೆಳಗೆ ಹೋದರೆ ಹದಿನೈದು ಗ್ರಾಂ, ಎಂದರೆ ಮೂರು ಚಮಚೆ ಸಕ್ಕರೆ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷ ಕಾದು, ಮತ್ತೆ ನೋಡಬೇಕು. ಮನೆಗೆ ಬಂದ ನೆಂಟರು ಪ್ರೀತಿಯಿಂದ ಪೇಢೆಯನ್ನೋ ಬೇಸನ್ ಉಂಡೆಯನ್ನೋ ಬಾಯಿಗೆ ತುರುಕಲು ಬರುತ್ತಾರೆ. ತುಪ್ಪ ಇರುವ ಸಿಹಿ ಆ ಹೊತ್ತಿಗೆ ಉಪಯೋಗವಿಲ್ಲ, ರಕ್ತಕ್ಕೆ ಏರಲು ತಡ. ಬರಿಯ ಸಕ್ಕರೆ, ಗ್ಲೂಕೋಸ್ ಪುಡಿ, ಇಲ್ಲವೇ ಬಸ್ ಸ್ಟ್ಯಾಂಡಿನ ರಸವಂತಿಯ ಸಣ್ಣ ಲೋಟ. ಮಾಳೇಗಾಂವದ ಕಬ್ಬು ನನಗೆ ಔಷಧವಾಗಿ ಬರುವುದು ಈ ಒಂದು ಹೊತ್ತಿನಲ್ಲಿ ಮಾತ್ರ.

ಬೇಸಿಗೆಯ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತರ ಆಚೆ ಹೋಗುತ್ತದೆ. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ ಎರಡರಿಂದ ಎಂಟು ಡಿಗ್ರಿಯಲ್ಲಿ ಇರಬೇಕು, ಬರ್ಫದ ಖಾನೆಯಲ್ಲಿ ಇಡಬಾರದು. ಬಳಸುತ್ತಿರುವ ಪೆನ್ನು ಮೂವತ್ತರ ಒಳಗೆ ನಾಲ್ಕು ವಾರ. ಕರೆಂಟು ಹೋಗುವ ಹಳ್ಳಿಗಳಲ್ಲಿ ಮಣ್ಣಿನ ಗಡಿಗೆಯೊಳಗೆ ಇನ್ನೊಂದು ಚಿಕ್ಕ ಗಡಿಗೆ ಇಟ್ಟು, ನಡುವೆ ನೀರು ಹಾಕಿ ಅದರಲ್ಲಿ ಇಡುತ್ತಾರೆ. ನೀರು ಆರುತ್ತ ತಂಪು ಕೊಡುತ್ತದೆ, ಅದು ಕೆಲಸ ಮಾಡುವ ಉಪಾಯವೇ. ಮೋಟಾರ್ ಸೈಕಲ್ಲಿನ ಡಿಕ್ಕಿಯಲ್ಲಿ ಮಾತ್ರ ಬೇಡ. ಇನ್ನೂ ಒಂದು: ಶೀಶೆಯ ಇನ್ಸುಲಿನ್ ನಮ್ಮಲ್ಲಿ ಹೆಚ್ಚಾಗಿ 40ರ ಬಲದ್ದು, ಪೆನ್ನಿನದು 100ರದ್ದು. ಪೆನ್ನು ಕೆಟ್ಟಿತೆಂದು ಅದರ ಕಾರ್ಟ್ರಿಜ್ಜಿನಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದುಕೊಂಡರೆ ಎರಡೂವರೆ ಪಟ್ಟು ಹೋಗುತ್ತದೆ.

ಎಲ್ಲ ಸೇರಿ ಹೊಸದು ಒಳ್ಳೆಯದೋ ಹಳೆಯದೋ ಅಂತ ಗುರುಜಿ ಕೇಳುತ್ತಾರೆ. ಹಳೆಯದರಲ್ಲಿ ಗಡಿಯಾರಕ್ಕೆ ಆಳಾಗಿದ್ದೆ. ಈಗ ನನ್ನ ತಾಟಿಗೆ ನಾನೇ ಕಾರಕೂನ. ಕಾರಕೂನಿಕೆಯೇ ವಾಸಿ. ಬಸ್ಸು ತಡವಾದರೂ, ಗ್ಯಾಸು ತೀರಿದರೂ, ಊಟಕ್ಕೆ ಮುಂಚೆ ಯಾರಾದರೂ ಮಾತಿಗೆ ಹಿಡಿದರೂ ಎದೆ ಹೊಡೆದುಕೊಳ್ಳುವುದಿಲ್ಲ. ಹನ್ನೊಂದರ ಬಲವಂತದ ಬಿಸ್ಕತ್ತು ನಿಂತಿದೆ. ನಮ್ಮ ಊಟಕ್ಕೆ ಹೊತ್ತಿನ ನೇಮ ಯಾವತ್ತೂ ಇರಲಿಲ್ಲ, ಮುಂದೆಯೂ ಇರುವುದಿಲ್ಲ. ಊಟಕ್ಕಾಗಿ ಕಾಯುವ ಔಷಧಕ್ಕಿಂತ ಊಟ ಕಂಡ ಮೇಲೆ ಹೊರಡುವ ಔಷಧ ಈ ದೇಶಕ್ಕೆ ಹೇಳಿ ಮಾಡಿಸಿದ್ದು.

ಇನ್ನು ಊಟಕ್ಕೆ ಕರೆಯುವವರಲ್ಲಿ ಒಂದು ವಿನಂತಿ. ನಿಮ್ಮ ಮನೆಗೆ ನನ್ನಂಥವರು ಬಂದರೆ ಬೇರೆ ಅಡುಗೆ ಮಾಡಬೇಡಿ, ಸಪ್ಪೆ ಮುಖ ಮಾಡಬೇಡಿ. ಎಷ್ಟು ರೊಟ್ಟಿ ಅಂತ ಧಾರಾಳವಾಗಿ ಕೇಳಿ, ಅವಮಾನವೇನೂ ಇಲ್ಲ. ನಾವು ಹೇಳಿದಷ್ಟೇ ಬಡಿಸಿ. ಸೂಜಿ ಚುಚ್ಚಿಕೊಂಡ ಮೇಲೆ ಮಾತ್ರ ‘ಸ್ವಲ್ಪ ತಾಳ್ರಿ, ಪಲ್ಯ ಇನ್ನೂ ಕುದಿಯಾಕತ್ತೈತಿ’ ಅನ್ನಬೇಡಿ.